ಹೆಸರು ಗೊತ್ತಿಲ್ಲದ ರೋಗಾಣುವನ್ನು ಹುಡುಕುವ ಬಗೆ

ಜ್ವರ ಶುರುವಾಗಿ ಐದು ದಿನ. ಡೆಂಗಿ ಟೆಸ್ಟ್ ಮಾಡಿಸಿದ್ದಾಯಿತು, ನೆಗೆಟಿವ್. ಮಲೇರಿಯಾ ನೆಗೆಟಿವ್. ಟೈಫಾಯ್ಡ್ ಇರಬಹುದೇನೋ ಅಂತ ವಿಡಾಲ್ ಮಾಡಿಸಿದರು, ಅದೂ ನೆಗೆಟಿವ್. ಕೊನೆಗೆ ಡಾಕ್ಟರು ಚೀಟಿಯ ಮೇಲೆ 'ವೈರಲ್ ಫೀವರ್' ಅಂತ ಬರೆದು, ಪ್ಯಾರಸಿಟಮಾಲ್ ಕೊಟ್ಟು, ನೀರು ಜಾಸ್ತಿ ಕುಡಿಯಿರಿ ಅಂದರು. ಈ ಅನುಭವ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಹೆಚ್ಚಿನ ಸಲ ಜ್ವರ ತಾನಾಗೇ ಇಳಿಯುತ್ತದೆ. ಬಂದು ಹೋದದ್ದು ಯಾವ ವೈರಸ್ಸು ಅಂತ ಯಾರೂ ಕೇಳುವುದಿಲ್ಲ.

ಆ ಮೂರು ರಿಪೋರ್ಟುಗಳನ್ನು ಇನ್ನೊಮ್ಮೆ ನೋಡಿ. ಇದು ಡೆಂಗಿ ಅಲ್ಲ, ಮಲೇರಿಯಾ ಅಲ್ಲ, ಟೈಫಾಯ್ಡ್ ಅಲ್ಲ ಅಂತ ಅವು ಹೇಳುತ್ತಿವೆ. ಹಾಗಾದರೆ ಏನು ಅಂತ ಹೇಳುವುದು ಅವುಗಳ ಕೈಲಾಗದು. ಮೇಷ್ಟ್ರು ಹಾಜರಿ ಕರೆದಂತೆ ಇದು. ಪುಸ್ತಕದಲ್ಲಿರುವ ಹೆಸರು ಕೂಗಿದರೆ ಆ ಹುಡುಗ ಎದ್ದು 'ಬಂದಿದೀನಿ ಸಾರ್' ಅನ್ನುತ್ತಾನೆ. ಬೇರೆ ಶಾಲೆಯ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರೆ, ಎಷ್ಟು ಸಲ ಹಾಜರಿ ಕರೆದರೂ ಅವನು ಸಿಗುವುದಿಲ್ಲ. ಅವನ ಹೆಸರು ಪುಸ್ತಕದಲ್ಲಿಲ್ಲ.

ಇದು ಎಷ್ಟು ದುಬಾರಿಯಾಗಬಹುದು ಅನ್ನುವುದಕ್ಕೆ ಉತ್ತರ ಪ್ರದೇಶದ ಗೋರಖ್‌ಪುರ ಸಾಕ್ಷಿ. ಮಳೆಗಾಲ ಬಂತೆಂದರೆ ಅಲ್ಲಿನ ಆಸ್ಪತ್ರೆಯಲ್ಲಿ ಮೆದುಳು ಜ್ವರದ ಮಕ್ಕಳು ತುಂಬಿಹೋಗುತ್ತಿದ್ದರು. ವರ್ಷಾನುಗಟ್ಟಲೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಜಪಾನೀಸ್ ಎನ್ಸೆಫಲೈಟಿಸ್. ಅದಕ್ಕೆ ಲಸಿಕೆ ಬಂತು, ಹಾಕಿದ್ದೂ ಆಯಿತು. ಆದರೂ ಮಕ್ಕಳು ಬರುವುದು ನಿಲ್ಲಲಿಲ್ಲ. ಆಮೇಲೆ ಗೊತ್ತಾಯಿತು, ಅವರಲ್ಲಿ ಬಹಳ ಮಕ್ಕಳಿಗೆ ಇದ್ದದ್ದು ಸ್ಕ್ರಬ್ ಟೈಫಸ್. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಬ್ಯಾಕ್ಟೀರಿಯಾ ಸೋಂಕು ಅದು. ಬೇಗ ಗೊತ್ತಾದರೆ ಕಡಿಮೆ ಬೆಲೆಯ ಆಂಟಿಬಯೋಟಿಕ್ ಸಾಕು. ಎಷ್ಟೋ ವರ್ಷ ಆ ಹೆಸರನ್ನು ಯಾರೂ ಕೂಗಿರಲಿಲ್ಲ, ಅಷ್ಟೇ. ನನಗೆ ಈ ವಿಷಯ ಮನಸ್ಸಿಗೆ ತಟ್ಟುವುದು ಇಲ್ಲಿಯೇ.

ಹೆಸರು ಕೂಗುವ ಬದಲು ಕೋಣೆಯಲ್ಲಿರುವ ಎಲ್ಲರ ಗುರುತನ್ನೂ ಒಂದೇ ಸಲಕ್ಕೆ ತೆಗೆದುಕೊಂಡರೆ? ಆ ಕೆಲಸಕ್ಕೆ ಮೆಟಾಜೀನೋಮಿಕ್ಸ್ ಅಂತ ಹೆಸರು. 1998ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಅವರ ಜೊತೆಗಾರರು ಈ ಪದವನ್ನು ಬಳಕೆಗೆ ತಂದರು. ಆಗ ಅವರ ತಲೆಯಲ್ಲಿ ಇದ್ದದ್ದು ರೋಗ ಅಲ್ಲ, ಮಣ್ಣು. ಹಿಡಿ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಬೆಳೆಸಲಾಗದಿದ್ದರೆ ಬೇಡ, ಎಲ್ಲದರ ಡಿಎನ್‌ಎಯನ್ನೂ ಒಟ್ಟಿಗೇ ತೆಗೆದು ಓದೋಣ ಅನ್ನುವ ಯೋಚನೆ ಅದು. ಅದೇ ಯೋಚನೆ ಮುಂದೆ ಆಸ್ಪತ್ರೆಗೆ ಬಂತು.

ಬಂದು ಏನು ಮಾಡಿತು ಅಂತ ನೋಡಲು ಅಮೆರಿಕದ 14 ವರ್ಷದ ಒಬ್ಬ ಹುಡುಗನ ಕಥೆ ಸಾಕು. 2014ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ವರದಿ ಬಂತು. ಹುಡುಗನಿಗೆ ಹುಟ್ಟಿನಿಂದಲೇ ರೋಗ ನಿರೋಧಕ ಶಕ್ತಿಯ ಕೊರತೆ. ನಾಲ್ಕು ತಿಂಗಳಲ್ಲಿ ಮೂರು ಸಲ ಜ್ವರ, ತಲೆನೋವು ಅಂತ ಆಸ್ಪತ್ರೆಗೆ ಬಂದ. ಕೊನೆಗೆ ಮೆದುಳಿನಲ್ಲಿ ನೀರು ತುಂಬಿ, ನಿಲ್ಲದ ಫಿಟ್ಸ್ ಬಂದು, ವೈದ್ಯರು ಔಷಧಿ ಕೊಟ್ಟು ಅವನನ್ನು ಕೋಮಾದಲ್ಲಿ ಇಡಬೇಕಾಯಿತು. ಮಾಡದ ಪರೀಕ್ಷೆ ಇಲ್ಲ. ಮೆದುಳಿನ ಚೂರನ್ನೂ ತೆಗೆದು ನೋಡಿದರು. ಏನೂ ಸಿಗಲಿಲ್ಲ.

ಆಗ ಅವನ ಬೆನ್ನಿನಿಂದ ತೆಗೆದ ನೀರನ್ನು, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವವನ್ನು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಚ್ಯೂ, ಜೋಸೆಫ್ ಡೆರಿಸಿ ಅವರ ತಂಡಕ್ಕೆ ಕಳಿಸಿದರು. ಅದರಲ್ಲಿದ್ದ ಡಿಎನ್‌ಎಯನ್ನು ಯಂತ್ರ 30,63,784 ಚೂರುಗಳಾಗಿ ಓದಿತು. ಹೆಚ್ಚುಕಡಿಮೆ ಎಲ್ಲವೂ ಹುಡುಗನ ಸ್ವಂತದ್ದೇ. 475 ಚೂರುಗಳು ಮಾತ್ರ ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾದ್ದು. ನಾವು ಇಲಿ ಜ್ವರ ಅನ್ನುತ್ತೀವಲ್ಲ, ಅದರ ರೋಗಾಣು. ನೂರಕ್ಕೆ 0.016ರಷ್ಟು! ಮಾದರಿ ಕೈಸೇರಿದ 48 ಗಂಟೆಯೊಳಗೆ ಉತ್ತರ ಸಿಕ್ಕಿತ್ತು. ಪೆನಿಸಿಲಿನ್ ಶುರು ಮಾಡಿದರು. ಹುಡುಗ 32 ದಿನಕ್ಕೆ ಮನೆಗೆ ಹೋದ.

ಇದರಲ್ಲಿ ಇನ್ನೊಂದು ಪಾಠ ಅಡಗಿದೆ. ಆ ಹುಡುಗನಿಗೆ ಇಲಿ ಜ್ವರದ ಮಾಮೂಲಿ ಪರೀಕ್ಷೆ ನೆಗೆಟಿವ್ ಬಂದಿತ್ತು. ಆ ಪರೀಕ್ಷೆಗಳಲ್ಲಿ ಮುಖ್ಯವಾದವು ರಕ್ತದಲ್ಲಿ ಆಂಟಿಬಾಡಿ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು, ಇದೆಯೇ ಅಂತ ನೋಡುತ್ತವೆ. ಅವನ ದೇಹಕ್ಕೆ ಆಂಟಿಬಾಡಿ ತಯಾರಿಸುವ ಶಕ್ತಿಯೇ ಸರಿಯಾಗಿ ಇರಲಿಲ್ಲ. ಅಂದರೆ ಸರಿಯಾದ ಹೆಸರು ಕೂಗಿದರೂ ಕೆಲವು ಸಲ ಉತ್ತರ ಬರುವುದಿಲ್ಲ.

ಈಗ ಲ್ಯಾಬಿನ ಒಳಗೆ ಹೋಗೋಣ. ಮೇಜಿನ ಮೇಲೆ ಮಂಜುಗಡ್ಡೆಯ ಡಬ್ಬ. ಅದರಲ್ಲಿ ಕಿರುಬೆರಳಿನಷ್ಟೂ ಇಲ್ಲದ ಪ್ಲಾಸ್ಟಿಕ್ ಟ್ಯೂಬು, ಒಳಗೆ ಕೆಲವು ಹನಿ ಬೆನ್ನಿನ ನೀರು. ಅದೇ ಜಾಗದಲ್ಲಿ ರಕ್ತವೂ ಇರಬಹುದು, ಗಂಟಲಿನ ಸ್ವ್ಯಾಬೂ ಇರಬಹುದು. ಮೊದಲು ಅದರಲ್ಲಿರುವ ಜೀವಕೋಶ, ಬ್ಯಾಕ್ಟೀರಿಯಾ, ವೈರಸ್ಸು ಎಲ್ಲವನ್ನೂ ಒಡೆದು ಒಳಗಿನ ಡಿಎನ್‌ಎ, ಆರ್‌ಎನ್‌ಎಯನ್ನು ಹೊರಗೆ ತೆಗೆಯುತ್ತಾರೆ. ಕೊರೊನಾ, ಡೆಂಗಿ, ನಿಫಾದಂಥ ವೈರಸ್ಸುಗಳ ಬರಹ ಇರುವುದು ಆರ್‌ಎನ್‌ಎಯಲ್ಲಿ. ಅದು ಬೇಗ ಹಾಳಾಗುತ್ತದೆ. ಬರಿಗೈ ತಗುಲಿದರೂ ಕೆಟ್ಟೀತು. ಹಾಗಾಗಿ ಅದನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳುತ್ತಾರೆ. ಆಮೇಲೆ ಎಲ್ಲವನ್ನೂ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ, ಚೂರಿನ ಎರಡೂ ತುದಿಗೆ ಯಂತ್ರ ಗುರುತಿಸುವಂಥ ಬಾಲ ಅಂಟಿಸುತ್ತಾರೆ. ಸೀಕ್ವೆನ್ಸಿಂಗ್ ಯಂತ್ರ ಒಂದೊಂದೇ ಚೂರಿನ ಅಕ್ಷರಗಳನ್ನು ಓದುತ್ತಾ ಹೋಗುತ್ತದೆ. ಅಕ್ಷರ ಅಂದರೆ ನಾಲ್ಕೇ: ಎ, ಟಿ, ಜಿ, ಸಿ. ಸಾಮಾನ್ಯವಾಗಿ ಬಳಸುವ ಯಂತ್ರಗಳಲ್ಲಿ ಒಂದು ಚೂರಿಗೆ ನೂರೋ ನೂರೈವತ್ತೋ ಅಕ್ಷರ. ಅಂಥ ಲಕ್ಷಗಟ್ಟಲೆ, ಕೋಟಿಗಟ್ಟಲೆ ಚೂರುಗಳು.

ಇಲ್ಲಿಂದ ಮುಂದೆ ಕಂಪ್ಯೂಟರಿನ ಕೆಲಸ. ಅಕ್ಕಿ ಆರಿಸಿದಂತೆಯೇ. ಆದರೆ ಮೊರದ ತುಂಬ ಅಕ್ಕಿ, ಅದರಲ್ಲಿ ನಮಗೆ ಬೇಕಾಗಿರುವುದು ಕಲ್ಲು. ಮನುಷ್ಯನ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಸುಮಾರು 300 ಕೋಟಿ ಅಕ್ಷರ. ಕೊರೊನಾ ವೈರಸ್ಸಿನದು 30 ಸಾವಿರ. ನಮ್ಮ ಒಂದೇ ಒಂದು ಜೀವಕೋಶದ ಬರಹ ಆ ವೈರಸ್ಸಿನ ಬರಹಕ್ಕಿಂತ ಲಕ್ಷ ಪಟ್ಟು ಉದ್ದ! ಹಾಗಾಗಿ ಮೊದಲು ಮನುಷ್ಯನದು ಅಂತ ಗುರುತು ಸಿಕ್ಕಿದ ಚೂರುಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತಾರೆ. ಉಳಿದದ್ದನ್ನು ಜಗತ್ತಿನಲ್ಲಿ ಇಲ್ಲಿಯವರೆಗೆ ಓದಿಟ್ಟಿರುವ ಜೀವಿಗಳ ದೊಡ್ಡ ಡೇಟಾಬೇಸಿನ ಜೊತೆ ಹೋಲಿಸುತ್ತಾರೆ.

ಡೇಟಾಬೇಸಿನಲ್ಲೇ ಇಲ್ಲದ ಹೊಸ ವೈರಸ್ಸು ಆದರೆ? ನನಗೆ ಬಹಳ ಇಷ್ಟವಾದ ಭಾಗ ಇದು. ಮೂರು ಚೂರು ಕಾಗದ ನಿಮ್ಮ ಕೈಗೆ ಸಿಕ್ಕಿತು ಅಂದುಕೊಳ್ಳಿ. ಒಂದರಲ್ಲಿ 'ಮುಂಚೆ ಕುಲಾವಿ ಹೊಲಿಸಿದರು' ಅಂತ ಇದೆ. ಇನ್ನೊಂದರಲ್ಲಿ 'ಕೂಸು ಹುಟ್ಟುವ ಮುಂಚೆ'. ಮತ್ತೊಂದರಲ್ಲಿ 'ಹುಟ್ಟುವ ಮುಂಚೆ ಕುಲಾವಿ'. ಈ ಗಾದೆಯನ್ನು ನೀವು ಜನ್ಮದಲ್ಲಿ ಕೇಳಿರದಿದ್ದರೂ ಪರವಾಗಿಲ್ಲ. ಒಂದರ ಕೊನೆ ಇನ್ನೊಂದರ ಮೊದಲಿನ ಮೇಲೆ ಕೂರುತ್ತದೆ. ಜೋಡಿಸುತ್ತಾ ಹೋದರೆ ಇಡೀ ಗಾದೆ ಎದ್ದು ನಿಲ್ಲುತ್ತದೆ. ಕಂಪ್ಯೂಟರ್ ಮಾಡುವುದೂ ಇದನ್ನೇ, ಕೋಟಿಗಟ್ಟಲೆ ಚೂರುಗಳ ಜೊತೆ.

ಜೋಡಿಸಿದ್ದಾಯಿತು, ಇದು ಯಾರು ಅಂತ ಹೇಳುವುದು ಹೇಗೆ? ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ನೀವು ಹಿಂದೆಂದೂ ನೋಡಿಲ್ಲ. ಆದರೂ ನಾಲ್ಕು ಮಾತು ಕಿವಿಗೆ ಬಿದ್ದರೆ ಸಾಕು, ಇವರು ಧಾರವಾಡದ ಕಡೆಯವರು, ಇವರು ಕುಂದಾಪುರದವರು ಅಂತ ಹೇಳಿಬಿಡುತ್ತೀರಿ ಅಲ್ವಾ? ಹಾಗೆಯೇ ವೈರಸ್ಸಿನ ಬರಹದಲ್ಲೂ ಮನೆತನದ ಜಾಡು ಇರುತ್ತದೆ.

2019ರ ಡಿಸೆಂಬರ್ ಕೊನೆಯಲ್ಲಿ ಚೀನಾದ ವುಹಾನಿನಲ್ಲಿ ಕಾರಣ ಗೊತ್ತಾಗದ ನ್ಯುಮೋನಿಯಾ ಬೆಳಕಿಗೆ ಬಂದಾಗ ನಡೆದದ್ದು ಇದೇ. ಒಬ್ಬ ರೋಗಿಯ ಶ್ವಾಸಕೋಶವನ್ನು ತೊಳೆದು ತೆಗೆದ ನೀರು ಜನವರಿ 3ರಂದು ಶಾಂಘೈನಲ್ಲಿ ಝಾಂಗ್ ಯೋಂಗ್‌ಝೆನ್ ಅವರ ತಂಡದ ಕೈಸೇರಿತು. ಯಂತ್ರ ಸುಮಾರು 5.66 ಕೋಟಿ ಚೂರು ಓದಿತು. ಅವನ್ನು ಜೋಡಿಸಿದಾಗ 3,84,096 ತುಂಡುಗಳಾದವು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು 30,474 ಅಕ್ಷರ. ಆ ಒಂದು ತುಂಡನ್ನು ಹೋಲಿಸಿ ನೋಡಿದರೆ, ಹಿಂದೆ ಬಾವಲಿಯಲ್ಲಿ ಸಿಕ್ಕಿದ್ದ ಒಂದು ಕೊರೊನಾ ವೈರಸ್ಸಿಗೆ ನೂರಕ್ಕೆ 89.1ರಷ್ಟು ಹೊಂದುತ್ತಿತ್ತು. ಮನೆತನ ಗೊತ್ತಾಯಿತು, ಆಳು ಹೊಸಬ. ಜನವರಿ 5ರ ಹೊತ್ತಿಗೆ ಇಡೀ ಜೀನೋಮ್ ಕೈಯಲ್ಲಿತ್ತು. ಚೀನಾದ ಬೇರೆ ತಂಡಗಳೂ ಅದೇ ದಿನಗಳಲ್ಲಿ ಅದೇ ವೈರಸ್ಸನ್ನು ಓದುತ್ತಿದ್ದವು. ಆದರೆ ಜಗತ್ತಿಗೆ ಅದು ಮೊದಲು ಸಿಕ್ಕಿದ್ದು ಜನವರಿ 11ರಂದು. ಆಸ್ಟ್ರೇಲಿಯಾದ ವಿಜ್ಞಾನಿ ಎಡ್ವರ್ಡ್ ಹೋಮ್ಸ್ ಝಾಂಗ್ ಅವರ ಒಪ್ಪಿಗೆ ಪಡೆದು ಅದನ್ನು ಎಲ್ಲರಿಗೂ ಕಾಣುವಂತೆ ಇಂಟರ್‌ನೆಟ್ಟಿಗೆ ಹಾಕಿದರು. ಎರಡು ದಿನದಲ್ಲಿ, ಜನವರಿ 13ಕ್ಕೆ, ಬರ್ಲಿನ್ ತಂಡವೊಂದರ ಪಿಸಿಆರ್ ವಿಧಾನವನ್ನು, ಅಂದರೆ ಆ ಒಂದು ವೈರಸ್ಸಿನ ಬರಹವನ್ನು ಮಾತ್ರ ಹುಡುಕುವ ಪರೀಕ್ಷೆಯನ್ನು, ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪಿಸಿಆರ್ ಪರೀಕ್ಷೆಗಳಿಗೆ ಬುನಾದಿ ಈ ವೈರಸ್ಸಿನ ಬರಹವೇ. ಐದನೇ ತಾರೀಖಿಗೂ ಹನ್ನೊಂದನೇ ತಾರೀಖಿಗೂ ನಡುವಿನ ಆರು ದಿನಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಯಂತ್ರ ತಡಮಾಡಿರಲಿಲ್ಲ.

ಕೊರೊನಾಕ್ಕೆ ಹನ್ನೆರಡು ವರ್ಷ ಮೊದಲೇ ಈ ದಾರಿ ತೆರೆದಿತ್ತು. ಆಸ್ಟ್ರೇಲಿಯಾದಲ್ಲಿ ಒಬ್ಬರೇ ದಾನಿಯ ಅಂಗಗಳನ್ನು ಪಡೆದ ಮೂವರು ಕೆಲವೇ ವಾರಗಳಲ್ಲಿ ತೀರಿಕೊಂಡರು. ಗೊತ್ತಿದ್ದ ಎಲ್ಲ ಪರೀಕ್ಷೆಗಳೂ ನೆಗೆಟಿವ್. ಓದಿದ 1,03,632 ಚೂರುಗಳಲ್ಲಿ 14 ಮಾತ್ರ ಇಲಿಗಳಿಂದ ಬರುವ ಒಂದು ಮನೆತನದ ವೈರಸ್ಸಿಗೆ ಹತ್ತಿರ ಇದ್ದವು. ಆ ಹದಿನಾಲ್ಕರ ಜಾಡು ಹಿಡಿದೇ ಹೊಸ ವೈರಸ್ಸನ್ನು ಪತ್ತೆ ಮಾಡಿದರು. 2008ರಲ್ಲಿ ಅದರ ವರದಿ ಬಂತು.

ನಮ್ಮ ಮಲೆನಾಡಿನವರಿಗೆ ಈ ಕೆಲಸದ ಹಳೆಯ ರೂಪ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ, ಅಂದರೆ ಇವತ್ತಿನ ಎನ್‌ಐವಿಯಿಂದ, ತಂಡ ಬಂತು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂದುಬಿಟ್ಟಿತೇ ಅನ್ನುವುದು ಅವರ ಮೊದಲ ಭಯ. ಅಲ್ಲೂ ಮಂಗಗಳು ಹೀಗೆಯೇ ಸಾಯುತ್ತವೆ. ಆಗ ಓದುವ ಯಂತ್ರ ಇರಲಿಲ್ಲ. ಮಾದರಿಯನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವರೆಗೆ ಕಾದು, ಅವುಗಳಿಂದ ವೈರಸ್ಸನ್ನು ಬೇರ್ಪಡಿಸಬೇಕಿತ್ತು. ಆಮೇಲೆ ಯಾವ ವೈರಸ್ಸಿನ ಆಂಟಿಬಾಡಿಗೆ ಇದು ಹೊಂದುತ್ತದೆ ಅಂತ ಒಂದೊಂದನ್ನೇ ಹಚ್ಚಿ ನೋಡಬೇಕಿತ್ತು. ಹಾಗೆ ನೋಡಿಯೇ ಇದು ಹಳದಿ ಜ್ವರ ಅಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ್ದು ಅಂತ ಕಂಡುಕೊಂಡರು. ಮಂಗನ ಕಾಯಿಲೆಯ ವೈರಸ್ಸು ಸಿಕ್ಕಿದ್ದು ಹೀಗೆ. ಅಂದೂ ಹುಡುಕಿದ್ದು ಮನೆತನವನ್ನೇ. ಒಂದು ಮಾತು ಹೇಳಲೇಬೇಕು. ಆ ಹಳೆಯ ದಾರಿಯಲ್ಲಿ ಕೊನೆಗೆ ಜೀವಂತ ವೈರಸ್ಸು ಕೈಯಲ್ಲಿ ಇರುತ್ತಿತ್ತು. ಲಸಿಕೆಗೋ ಔಷಧಿಗೋ ಅದನ್ನು ಬಳಸಬಹುದಿತ್ತು. ಓದಿದ ಅಕ್ಷರಗಳು ಎಷ್ಟೇ ಇದ್ದರೂ ಬರೀ ಅಕ್ಷರಗಳು.

ಎಲ್ಲದಕ್ಕೂ ಮೆಟಾಜೀನೋಮಿಕ್ಸ್ ಬೇಕು ಅಂತ ಇದರ ಅರ್ಥ ಅಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಒಂದೇ ಮನೆಯವರಿಗೆ ಒಬ್ಬರಾದ ಮೇಲೊಬ್ಬರಿಗೆ ಮೆದುಳು ಜ್ವರ ಬಂತು. ಅಲ್ಲಿನ ವೈದ್ಯರಿಗೆ ಇದು ಮಾಮೂಲಿ ಅಲ್ಲ ಅನ್ನಿಸಿತು. ಮಾದರಿ ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಬಂತು. ಅವರು ನಿಫಾ ಇರಬಹುದು ಅಂತ ಊಹಿಸಿ ಪಿಸಿಆರ್ ಮಾಡಿದರು. ಊಹೆ ಸರಿಯಾಗಿತ್ತು, ಪುಣೆಯಲ್ಲೂ ಅದೇ ಖಚಿತವಾಯಿತು. ತಲೆ ಓಡಿಸಿ ಸರಿಯಾದ ಹೆಸರು ಕೂಗಿದರೆ ಪಿಸಿಆರ್ ಇದಕ್ಕಿಂತ ಬೇಗ, ಕಡಿಮೆ ಖರ್ಚಿನಲ್ಲಿ ಉತ್ತರ ಕೊಡುತ್ತದೆ. ಊಹೆಗೆ ನಿಲುಕದ ಕಡೆ ಮೆಟಾಜೀನೋಮಿಕ್ಸ್ ಬೇಕಾಗುತ್ತದೆ.

ಪತ್ತೆಯಾದ ಮೇಲೆ ಬೆನ್ನು ಹತ್ತುವ ಕೆಲಸ. ವೈರಸ್ಸು ತನ್ನನ್ನು ನಕಲು ಮಾಡಿಕೊಳ್ಳುವಾಗ ಅಲ್ಲೊಂದು ಇಲ್ಲೊಂದು ತಪ್ಪು ಮಾಡುತ್ತದೆ. ಕಾಲೇಜಿನಲ್ಲಿ ನೋಟ್ಸ್ ಕಾಪಿ ಮಾಡಿದವರು ಸಿಕ್ಕಿಬೀಳುವುದು ಹೇಗೆ? ಇಬ್ಬರ ಪುಸ್ತಕದಲ್ಲೂ ಒಂದೇ ಸಾಲಿನಲ್ಲಿ ಒಂದೇ ಕಾಗುಣಿತದ ತಪ್ಪು ಇರುತ್ತದೆ. ಮೂರನೆಯವನ ಪುಸ್ತಕದಲ್ಲಿ ಆ ತಪ್ಪಿನ ಜೊತೆ ಇನ್ನೊಂದು ಹೊಸ ತಪ್ಪು ಸೇರಿದ್ದರೆ, ಅವನು ಇವರ ನೋಟ್ಸ್ ನೋಡಿಯೇ ಬರೆದದ್ದು. ರೋಗಿಗಳಲ್ಲಿ ಸಿಕ್ಕಿದ ಜೀನೋಮ್‌ಗಳನ್ನು ಹೀಗೆ ಪಕ್ಕಪಕ್ಕ ಇಟ್ಟರೆ ವೈರಸ್ಸಿನ ವಂಶವೃಕ್ಷ ಬರೆಯಬಹುದು. ಕೇರಳದ ನಿಫಾ ರೋಗಿಗಳ ವೈರಸ್ಸೂ ಆ ಸುತ್ತಿನ ಹಣ್ಣು ತಿನ್ನುವ ಬಾವಲಿಗಳಲ್ಲಿ ಸಿಕ್ಕಿದ ವೈರಸ್ಸೂ ಹೆಚ್ಚುಕಡಿಮೆ ಒಂದೇ ಅಂತ ಎನ್‌ಐವಿ ತೋರಿಸಿದ್ದು ಹೀಗೆಯೇ. 2015ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶಕ್ಕೆ ವಿಜ್ಞಾನಿಗಳು ಅಂಗೈಯಗಲದ ನ್ಯಾನೋಪೋರ್ ಅನ್ನುವ ಸೀಕ್ವೆನ್ಸಿಂಗ್ ಯಂತ್ರಗಳನ್ನು ವಿಮಾನದ ಲಗೇಜಿನಲ್ಲಿ ಹಾಕಿಕೊಂಡು ಹೋದರು. ಎಬೋಲಾ ಮಾದರಿ ಕೈಗೆ ಬಂದ ಒಂದು ದಿನದೊಳಗೆ ಓದಿ ಮುಗಿಸುತ್ತಿದ್ದರು.

ಬೆನ್ನು ಹತ್ತುವಾಗ ಸಾಮಾನ್ಯವಾಗಿ ಎಲ್ಲವನ್ನೂ ಓದುವುದಿಲ್ಲ. ಹೆಸರು ಗೊತ್ತಾದ ಮೇಲೆ ಆ ಒಂದು ವೈರಸ್ಸಿನ ಬರಹವನ್ನು ಮಾತ್ರ ಹೆಕ್ಕಿ, ಹೆಚ್ಚಿಸಿ ಓದುವುದು ಸುಲಭ. ಗಿನಿಯಲ್ಲಿ ಮಾಡಿದ್ದು ಅದು. ಕೊರೊನಾದ ಡೆಲ್ಟಾ, ಒಮಿಕ್ರಾನ್ ತಳಿಗಳನ್ನು ಹೆಚ್ಚಾಗಿ ಹಿಂಬಾಲಿಸಿದ್ದೂ ಹಾಗೆ. ಆದರೆ 2022ರ ಮೇ ತಿಂಗಳಲ್ಲಿ ಯುರೋಪಿನಲ್ಲಿ ಮಂಕಿಪಾಕ್ಸ್ ಎದ್ದಾಗ ಪೋರ್ಚುಗಲ್‌ನ ವಿಜ್ಞಾನಿಗಳು ರೋಗಿಯ ಗುಳ್ಳೆಯ ಸ್ವ್ಯಾಬಿನಲ್ಲಿದ್ದ ಎಲ್ಲವನ್ನೂ ನೇರವಾಗಿ ಓದಿ, ಮೇ 19ಕ್ಕೆ ಆ ಹಾವಳಿಯ ಮೊದಲ ಜೀನೋಮ್ ಎಲ್ಲರಿಗೂ ಕೊಟ್ಟರು. ತಯಾರಿಯಿಲ್ಲದ ಹೊತ್ತಿನಲ್ಲಿ ಹೀಗೆ ಓದುವುದೇ ಬೇಗ.

ರೋಗಿ ಆಸ್ಪತ್ರೆಗೆ ಬರುವವರೆಗೆ ಕಾಯಲೇಬೇಕೆಂದೂ ಇಲ್ಲ. ಊರಿನ ಎಲ್ಲರ ಮಾದರಿಯೂ ಒಂದೇ ಕಡೆ ಸೇರುವ ಜಾಗ ಇದೆಯಲ್ಲ, ಒಳಚರಂಡಿ! ಬೆಂಗಳೂರಿನಲ್ಲಿ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಮತ್ತು ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿಯ ತಂಡಗಳು 28 ಎಸ್‌ಟಿಪಿಗಳ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕಗಳ, ನೀರಿನಲ್ಲಿ ಕೊರೊನಾ ವೈರಸ್ಸನ್ನು ಹುಡುಕಿದವು. ಸುಮಾರು 1.1 ಕೋಟಿ ಜನರ ಮನೆಗಳಿಂದ ಹರಿದು ಬಂದ ನೀರು ಅದು. ಟೆಸ್ಟ್ ಮಾಡಿಸಿಕೊಳ್ಳದವರು, ಲಕ್ಷಣವೇ ಇಲ್ಲದವರು, ಎಲ್ಲರ ಲೆಕ್ಕವೂ ಅದರಲ್ಲಿದೆ. ಯಾರ ಹೆಸರೂ ಇಲ್ಲ. ಇದು ಕೊರೊನಾ ಒಂದನ್ನೇ ಗುರಿಯಿಟ್ಟ ಕೆಲಸ. ಚರಂಡಿ ನೀರಿನಲ್ಲಿರುವ ಎಲ್ಲವನ್ನೂ ಓದಿದವರೂ ಇದ್ದಾರೆ. ಡೆನ್ಮಾರ್ಕಿನ ವಿಜ್ಞಾನಿಗಳ ಮುಂದಾಳತ್ವದಲ್ಲಿ 60 ದೇಶಗಳ 74 ನಗರಗಳ ಕೊಳಚೆಯನ್ನು ಓದಿ, ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಬಗ್ಗದಂತೆ ಮಾಡುವ ಜೀನ್‌ಗಳು ಎಲ್ಲಿ ಎಷ್ಟಿವೆ ಅಂತ 2019ರಲ್ಲಿ ಪ್ರಕಟಿಸಿದರು.

ಇಷ್ಟು ಹೊತ್ತು ಗುಣಗಾನ ಮಾಡಿದ್ದಾಯಿತು. ಇದು ಕೈಕೊಡುವ ಬಗೆಯನ್ನೂ ಅಷ್ಟೇ ಮನಸ್ಸಿಟ್ಟು ನೋಡಬೇಕು. ಎಲ್ಲವನ್ನೂ ಓದುವ ಯಂತ್ರ ಕಸವನ್ನೂ ಓದುತ್ತದೆ. ಲ್ಯಾಬಿನ ಗಾಳಿ, ಕೈಗವಸು, ರಾಸಾಯನಿಕದ ಬಾಟಲಿ, ಎಲ್ಲದರಲ್ಲೂ ಯಾವುದೋ ಜೀವಿಯ ಡಿಎನ್‌ಎ ಇರುತ್ತದೆ. ಕಾರಣ ಗೊತ್ತಾಗದ ಹೆಪಟೈಟಿಸ್ ರೋಗಿಗಳಲ್ಲಿ ಹೊಸ ವೈರಸ್ಸು ಸಿಕ್ಕಿದೆ ಅಂತ ಒಮ್ಮೆ ಸುದ್ದಿಯಾಯಿತು. ಆಮೇಲೆ ನೋಡಿದರೆ ಬೇರೆ ಬೇರೆ ಲ್ಯಾಬುಗಳಲ್ಲಿ, ಸಂಬಂಧವೇ ಇಲ್ಲದ ಮಾದರಿಗಳಲ್ಲಿ, ಅದೇ ವೈರಸ್ಸು. ಚಾರ್ಲ್ಸ್ ಚ್ಯೂ ಅವರ ತಂಡ ಮೂಲ ಹುಡುಕಿಕೊಂಡು ಹೋಯಿತು. ಡಿಎನ್‌ಎ ಶುದ್ಧ ಮಾಡಲು ಬಳಸುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು ಸಿಕ್ಕಿಬಿದ್ದವು. ಅವುಗಳೊಳಗೆ ಸಿಲಿಕಾದ ಜರಡಿ ಇರುತ್ತದೆ. ಡಯಾಟಮ್ ಅನ್ನುವ ಪಾಚಿಗಳ ಚಿಪ್ಪು ಆಗಿರುವುದು ಸಿಲಿಕಾದಿಂದಲೇ. ಆ ಪಾಚಿಗೆ ತಗುಲಿದ ವೈರಸ್ಸಿನ ಚೂರು ಸಿಲಿಕಾದ ಜೊತೆ ಬಂದಿರಬಹುದು ಅಂತ 2013ರಲ್ಲಿ ಬರೆದರು. ನೀರಿನ ಪಾಚಿಯ ವೈರಸ್ಸು ಹೀಗೆ ರೋಗಿಯ ರಕ್ತದ ವರದಿಯಲ್ಲಿ ಕಾಣಿಸಿಕೊಂಡಿತ್ತು. ಇದಕ್ಕಾಗಿಯೇ ಒಳ್ಳೆಯ ಲ್ಯಾಬುಗಳು ಪ್ರತಿ ಸಲವೂ ರೋಗಿಯ ಮಾದರಿಯ ಜೊತೆಗೆ ಬರೀ ಶುದ್ಧ ನೀರಿನ ಟ್ಯೂಬೊಂದನ್ನೂ ಅದೇ ಹಂತಗಳಲ್ಲಿ ದಾಟಿಸುತ್ತವೆ. ನೀರಿನಲ್ಲೂ ಸಿಕ್ಕಿದ್ದು ರೋಗಿಯದಲ್ಲ.

2015ರಲ್ಲಿ ನ್ಯೂಯಾರ್ಕ್ ಮೆಟ್ರೋದ ಕಂಬಿ, ಸೀಟು ಒರೆಸಿ ಓದಿದ ಅಧ್ಯಯನ ಪ್ಲೇಗ್ ಮತ್ತು ಆಂತ್ರಾಕ್ಸ್ ಬ್ಯಾಕ್ಟೀರಿಯಾದ ಚೂರುಗಳು ಸಿಕ್ಕಿವೆ ಅಂದಿತು. ಊರಿಗೆ ಊರೇ ಗಾಬರಿಯಾಗುವ ಮಾತು. ಈ ಎರಡಕ್ಕೂ ತೀರಾ ಹತ್ತಿರದ, ಯಾವ ಹಾನಿಯನ್ನೂ ಮಾಡದ ನೆಂಟರು ಎಲ್ಲೆಡೆ ಇದ್ದಾರೆ. ಸಿಕ್ಕ ಸಣ್ಣ ಚೂರು ಯಾರದ್ದಾದರೂ ಆಗಿರಬಹುದು. ಅದೇ ವರ್ಷ ಆ ತಂಡ ತಮ್ಮ ಮಾತನ್ನು ತಿದ್ದಿಕೊಂಡಿತು. ಬಸ್ಸಿನಲ್ಲಿ ಒಂದೇ ಒಂದು ಪದ ಕೇಳಿ ಊರು ಹೇಳಲು ಹೋದಂತೆ ಇದು.

ಇನ್ನೊಂದು ಮಿತಿ: ಓದಿದ ಚೂರು ಜೀವಂತ ರೋಗಾಣುವಿನದೋ ಸತ್ತದ್ದರದೋ ಯಂತ್ರಕ್ಕೆ ಗೊತ್ತಿಲ್ಲ. ಸಿಕ್ಕಿದ್ದೇ ಕಾಯಿಲೆಗೆ ಕಾರಣವೋ, ಸುಮ್ನೆ ಅಲ್ಲಿ ಇದ್ದದ್ದೋ, ಅದನ್ನೂ ಹೇಳುವುದಿಲ್ಲ. ಜೊತೆಗೆ ರೋಗಿಯ ಸ್ವಂತ ಜೀನೋಮ್ ಕೂಡ ಓದಿಗೆ ಸಿಗುತ್ತದೆ. ಅದನ್ನು ಜೋಪಾನ ಮಾಡುವುದು ಲ್ಯಾಬಿನ ಹೊಣೆ. ಸ್ಯಾನ್ ಫ್ರಾನ್ಸಿಸ್ಕೋದ ಅದೇ ವಿಶ್ವವಿದ್ಯಾಲಯ 2016ರಿಂದ 2023ರವರೆಗೆ 4,828 ಬೆನ್ನಿನ ನೀರಿನ ಮಾದರಿಗಳನ್ನು ಹೀಗೆ ಓದಿದೆ. ಸೋಂಕು ಸಿಕ್ಕಿದ್ದು ನೂರಕ್ಕೆ 14ರಷ್ಟರಲ್ಲಿ. ಉಳಿದವರಿಗೆ ಇದರಿಂದಲೂ ಹೆಸರು ಸಿಗಲಿಲ್ಲ. ಅವರಲ್ಲಿ ಕೆಲವರದು ಸೋಂಕೇ ಆಗಿರಲಿಕ್ಕಿಲ್ಲ. ಮೆದುಳಿನ ಊತಕ್ಕೆ ಬೇರೆ ಕಾರಣಗಳೂ ಇರುತ್ತವೆ.

ದುಬಾರಿ ಯಂತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಹೊಸ ಜ್ವರ ಮಲೆನಾಡಿನಲ್ಲೋ ಗೋರಖ್‌ಪುರದಲ್ಲೋ. ಈ ದೂರ ಕಡಿಮೆಯಾಗದಿದ್ದರೆ ಇಷ್ಟೆಲ್ಲ ಇದ್ದೂ ನಮಗೇನು ಬಂತು? ಆ ದೂರವನ್ನು ಕಡಿಮೆ ಮಾಡಿದವರ ಕಥೆ ನಮ್ಮ ಪಕ್ಕದ ಬಾಂಗ್ಲಾದೇಶದಲ್ಲೇ ಇದೆ.

ಢಾಕಾದ ಮಕ್ಕಳ ಆಸ್ಪತ್ರೆಗೆ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಊತದಿಂದ ಬರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕಾರಣ ಸಿಗುತ್ತಿರಲಿಲ್ಲ. ಅಲ್ಲಿನ ಚೈಲ್ಡ್ ಹೆಲ್ತ್ ರಿಸರ್ಚ್ ಫೌಂಡೇಶನ್ನಿನ ಸಮೀರ್ ಸಾಹಾ, ಅವರ ಮಗಳು ಸೆಂಜುತಿ ಸಾಹಾ ಮತ್ತು ಜೊತೆಗಾರರು ಬಹಳ ಕಾಲದಿಂದ ಮಕ್ಕಳ ಬೆನ್ನಿನ ನೀರನ್ನು ಫ್ರೀಜರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ಸೆಂಜುತಿ ಕೆಲವು ಮಾದರಿಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆರಿಸಿ ಅವರ ಸಂಸ್ಥೆಯಲ್ಲಿ ಈ ವಿಧಾನ ಕಲಿತರು. ಓದಿದ ಚೂರುಗಳನ್ನು ಹೋಲಿಸಿ ನೋಡಲು ಐಡಿಸೀಕ್ ಅನ್ನುವ ವ್ಯವಸ್ಥೆ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿತ್ತು. ದೊಡ್ಡ ಕಂಪ್ಯೂಟರ್ ಕೊಳ್ಳಬೇಕಾಗಿರಲಿಲ್ಲ.

ಮೂವರು ಮಕ್ಕಳ ಬೆನ್ನಿನ ನೀರಿನಲ್ಲಿ ಸಿಕ್ಕಿದ್ದು ಚಿಕೂನ್‌ಗುನ್ಯಾ.

ಚಿಕೂನ್‌ಗುನ್ಯಾ ಅಂದರೆ ನಮಗೆ ನೆನಪಾಗುವುದು ಕೀಲುನೋವು. 2006ರಲ್ಲಿ ಅದು ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಹಬ್ಬಿದಾಗ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲು ಏಳುವವರೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ತಿಂಗಳುಗಟ್ಟಲೆ ಕುಂಟಿದವರು ಇವತ್ತಿಗೂ ಅದನ್ನು ಹೇಳುತ್ತಾರೆ. ಢಾಕಾದಲ್ಲೂ 2017ರಲ್ಲಿ ದೊಡ್ಡದಾಗಿ ಬಂದಿತ್ತು. ಕೀಲು ಹಿಡಿಯುವ ವೈರಸ್ಸು ಮಕ್ಕಳ ಮೆದುಳಿನ ಪೊರೆಗೂ ಹೋಗಿದೆ ಅಂತ ಅಲ್ಲಿ ಯಾರೂ ಅನುಮಾನಪಟ್ಟಿರಲಿಲ್ಲ. ಹಾಗಾಗಿ ಆ ಪರೀಕ್ಷೆಯನ್ನು ಯಾರೂ ಕೇಳಿರಲಿಲ್ಲ.

ಈಗ ಕೂಗಲು ಒಂದು ಹೆಸರು ಸಿಕ್ಕಿತ್ತು. ಅವರು ಫ್ರೀಜರ್ ತೆಗೆದರು. ಅದೇ ಆಸ್ಪತ್ರೆಗೆ 2017ರಲ್ಲಿ ಬಂದು, ಕಾರಣ ಗೊತ್ತಾಗದೇ ಉಳಿದಿದ್ದ ಮಕ್ಕಳ 472 ಟ್ಯೂಬುಗಳು ಅಲ್ಲಿದ್ದವು. ಇವಕ್ಕೆ ದುಬಾರಿ ಸೀಕ್ವೆನ್ಸಿಂಗ್ ಬೇಕಿರಲಿಲ್ಲ, ಚಿಕೂನ್‌ಗುನ್ಯಾದ ಪಿಸಿಆರ್ ಸಾಕಾಗಿತ್ತು. ಒಂದೊಂದಾಗಿ ಮಾಡಿದರು. ಇನ್ನೂ 17 ಮಕ್ಕಳು ಸಿಕ್ಕರು. ಯಾವ ವರದಿಯಲ್ಲೂ ಲೆಕ್ಕಕ್ಕೆ ಬಾರದೆ ಹೋಗಿದ್ದ ಒಂದು ಹಾವಳಿ ಆ ಫ್ರೀಜರಿನಿಂದ ಹೊರಗೆ ಬಂತು. 2019ರಲ್ಲಿ ಅದನ್ನು ಪ್ರಕಟಿಸಿದರು.

ಆಮೇಲೆ ಅವರು ಮಾದರಿಗಳನ್ನು ಹೊತ್ತುಕೊಂಡು ದೂರ ಹೋಗಬೇಕಾಗಲಿಲ್ಲ. ಓದುವ ವ್ಯವಸ್ಥೆ ಢಾಕಾದಲ್ಲೇ ಆಯಿತು. 2020ರ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಮೊದಲ ಕೊರೊನಾ ಜೀನೋಮ್ ಓದಿ ಮುಗಿದಾಗ, ಅದನ್ನು ಓದಿದ್ದು ಮಕ್ಕಳ ಬೆನ್ನಿನ ನೀರನ್ನು ಫ್ರೀಜರಿನಲ್ಲಿ ಕಾಪಾಡಿಕೊಂಡು ಬಂದಿದ್ದ ಅದೇ ತಂಡ.